ಗಾಲಿಹಳ್ಳಿಯ ಆಯಮ್ಮ

“ಇನ್ನೊಸಿ ಬಗ್ಗಿ ಮೇಡಮ್ಮೋರೇ, ತಲೆ ವಾಲ್ಕಂಡದೆ” ಎಂದು ಚಿಕ್ಕಮಾದಮ್ಮ ತಾಯಿಯ ಗದ್ದವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಳು. ಕನಕಲಕ್ಷ್ಮಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ಮದ್ದೂರು ಪೇಟೆಯಲ್ಲಿ ಕೊಂಡಿದ್ದ ಸುಗಂಧರಾಜದ ಹಾರ ಹೆಣದ ಕಿವಿಗೆ ಸಿಕ್ಕಿಕೊಂಡು ಒಂದೇ ಭುಜದ ಮೇಲೆ ನಿಂತಿತು. ಚಿಕ್ಕಮಾದಮ್ಮನೇ ಅದನ್ನು ಬಿಡಿಸಿ ಸರಿಮಾಡಿದಳು.

ಪುಟ್ಟಮಾದಮ್ಮನನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಬಾಯಲ್ಲಿ ವೀಳ್ಯದೆಲೆ. ದೀಪಾವಳಿಗೆ ಶಿಶುವಿಹಾರದ ಸಮಿತಿಯವರು ಕೊಟ್ಟ ನೀಲಿ ಸೀರೆಯನ್ನೇ ಉಡಿಸಿದ್ದರು. ಏಳು ವರ್ಷ ದಿನವೂ ಕಂಡ ಮುಖ. ನಿನ್ನೆ ಮಧ್ಯಾಹ್ನ ಇದೇ ಮುಖ ಶಿಶುವಿಹಾರದ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, “ನಾಳಿಕೆ ರವೆ ಸಾಲಾಕಿಲ್ಲ ಮೇಡಮ್ಮೋರೇ” ಎಂದಿತ್ತು. ಸಂಜೆ ವೈದ್ಯನಾಥಪುರಕ್ಕೆ ನಡೆದು ಬಂದವಳು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತಳಂತೆ. ಮಗಳು ಒಳಗಿಂದ ನೀರು ತರುವಷ್ಟರಲ್ಲಿ ಮುಗಿದಿತ್ತು.

ಯಾರ ಮನೆಯಿಂದಲೋ ಒಂದು ಮಡಚುವ ಕುರ್ಚಿ ತಂದು ಕನಕಲಕ್ಷ್ಮಿಗೆ ಹಾಕಿದರು. ಹೆಂಗಸರೆಲ್ಲ ನೆಲದ ಮೇಲೆ ಕೂತಿರುವಾಗ ತಾನೊಬ್ಬಳು ಕುರ್ಚಿಯ ಮೇಲೆ ಕೂರುವುದು ಅವಳಿಗೆ ಮುಜುಗರವೆನಿಸಿತು. ಆದರೆ ಕೂತಳು. ಕೂತು ಸುತ್ತ ನೋಡಿದರೆ ಅರ್ಧ ಮದ್ದೂರೇ ಅಲ್ಲಿತ್ತು. ಹೋಟೆಲಿನವರ ಸೊಸೆ, ರೈಲ್ವೆ ಕ್ವಾರ್ಟರ್ಸಿನ ಇಬ್ಬರು, ಬಟ್ಟೆ ಅಂಗಡಿಯವರ ಮನೆಯ ಹೆಂಗಸರು. ಎಲ್ಲರೂ ಶಿಶುವಿಹಾರಕ್ಕೆ ಮಕ್ಕಳನ್ನು ಕಳಿಸಿದವರು. ಡಾಕ್ಟರ ಹೆಂಡತಿ ಪಂಕಜಮ್ಮ ಸಮಿತಿಯ ಅಧ್ಯಕ್ಷೆ. ಮೂರು ಮೈಲಿ ನಡೆಯುವ ಅಭ್ಯಾಸವಿಲ್ಲದ ಆಕೆಯೂ ಗದ್ದೆಯ ದಾರಿಯಲ್ಲಿ ನಡೆದೇ ಬಂದಿದ್ದರು. ಅವರ ಕಣ್ಣು ಕೆಂಪಾಗಿತ್ತು.

“ನನ್ನ ಮೂರು ಮಕ್ಕಳೂ ಇವಳ ಕೈಯಲ್ಲೇ ಬೆಳೆದವು, ಕನಕ” ಎಂದರು ಪಂಕಜಮ್ಮ, ಕುರ್ಚಿಯ ಪಕ್ಕಕ್ಕೆ ಬಂದು.

“ಹೌದು” ಎಂದಳು ಕನಕಲಕ್ಷ್ಮಿ.

ಇವಳ ಕೈಯಲ್ಲೇ. ಆ ಮೂರು ಮಕ್ಕಳಿಗೆ ಅಕ್ಷರ ತಿದ್ದಿಸಿದ್ದು ಯಾರು, ಮೂಗು ಒರೆಸಿಕೊಳ್ಳುವುದನ್ನು ಕಲಿಸಿದ್ದು ಯಾರು? ನಾನು ಸತ್ತರೆ ಇವರು ಗದ್ದೆಯ ಕೆಸರು ತುಳಿದುಕೊಂಡು ಬರುತ್ತಾರೆಯೇ, ಎಂದುಕೊಂಡಳು. ಹೆಣದ ಮುಂದೆ ಕೂತು ಇಂಥ ಯೋಚನೆ ಬಂತಲ್ಲ ಎಂದು ನಾಚಿಕೆಯಾಯಿತು. ಆದರೂ ಯೋಚನೆ ಹೋಗಲಿಲ್ಲ.

ಊರಿನ ಹೆಂಗಸರು ತನ್ನನ್ನೇ ನೋಡುತ್ತಿರುವುದು ಆಗ ಅವಳ ಗಮನಕ್ಕೆ ಬಂತು. ಕಂಬದ ಹತ್ತಿರ ಕೂತಿದ್ದ ಮುದುಕಿಯೊಬ್ಬಳು ಪಕ್ಕದವಳ ತೊಡೆ ತಿವಿದು ಕೇಳಿದಳು, “ಇವ್ರೇನೇನೇ?”

“ಊಂ ಕಣತ್ತೆ, ಇವ್ರೇಯ.”

ಮುದುಕಿ ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಕನಕಲಕ್ಷ್ಮಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನೋಟದಲ್ಲಿ ಸಿಟ್ಟಿರಲಿಲ್ಲ. ಏನಿತ್ತೆಂದು ಕನಕಲಕ್ಷ್ಮಿಗೆ ತಿಳಿಯಲಿಲ್ಲ. ಇವರಿಗೆಲ್ಲ ಗೊತ್ತಿದೆಯೇ? ಗೊತ್ತಿರಲು ಹೇಗೆ ಸಾಧ್ಯ?

*

ಎಪ್ಪತ್ತೊಂದರ ಜೂನ್ ತಿಂಗಳಲ್ಲಿ ಶಿಶುವಿಹಾರ ತೆರೆದಾಗ ಕನಕಲಕ್ಷ್ಮಿಗೆ ಮೂವತ್ತು ವರ್ಷ. ಮೈಸೂರಿನಲ್ಲಿ ಒಂದು ವರ್ಷದ ತರಬೇತಿ ಮುಗಿಸಿ ಬಂದಿದ್ದಳು. ಮಕ್ಕಳ ಹಾಡುಗಳು ಬಾಯಿಗೆ ಬರುತ್ತಿದ್ದವು, ಕಾಗದದಲ್ಲಿ ದೋಣಿ, ಟೋಪಿ, ಕಪ್ಪೆ ಮಾಡಲು ಬರುತ್ತಿತ್ತು. ತಾನೇ ಚನ್ನಪಟ್ಟಣಕ್ಕೆ ಹೋಗಿ ಅರಗಿನ ಬಣ್ಣ ಹಚ್ಚಿದ ಗೊಂಬೆಗಳನ್ನು ಆರಿಸಿ ತಂದಿದ್ದಳು. ಮಕ್ಕಳ ಕೈಗೆ ಸಿಕ್ಕರೆ ಬಣ್ಣ ಕೆಡುತ್ತದೆಂದು ಅವನ್ನು ಗಾಜಿನ ಬೀರುವಿನಲ್ಲಿ ಜೋಡಿಸಿ ಬೀಗ ಹಾಕಿದಳು.

ಮೊದಲ ದಿನ ಮಕ್ಕಳೆಲ್ಲ ಒಟ್ಟಿಗೆ ಅಳತೊಡಗಿದವು. ಪಂಕಜಮ್ಮನ ಹಿರಿಯ ಮಗ ಸಂಪತ್ ಕುಮಾರ ಮುಚ್ಚಿದ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಕನಕಲಕ್ಷ್ಮಿ ಹಾಡಿದಳು, ಚಪ್ಪಾಳೆ ತಟ್ಟಿದಳು, ಕಾಗದದ ಕಪ್ಪೆಯನ್ನು ಹಾರಿಸಿದಳು. ಅಳು ಜೋರಾಯಿತು.

ಆಗ ಅಡುಗೆಕೋಣೆಯಿಂದ ಆಯಾ ಬಂದಳು. ವೈದ್ಯನಾಥಪುರದ ವಿಧವೆ, ಓದು ಬರಹ ಬಾರದವಳು, ಉಪ್ಪಿಟ್ಟು ಮಾಡಲು ಮತ್ತು ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ತೊಳೆಯಲು ಸಮಿತಿ ಇಟ್ಟುಕೊಂಡಿದ್ದ ಹೆಂಗಸು. ಅವಳ ಕೈಯಲ್ಲಿ ಒಂದು ಹುರಿ ಇತ್ತು. ಹುರಿಯ ತುದಿಯಲ್ಲಿ ಕರೀ ಮರದ ಎಮ್ಮೆಯೊಂದು ಗಡಗಡ ಎನ್ನುತ್ತ ಬರುತ್ತಿತ್ತು. ಎಮ್ಮೆಗೆ ಕಾಲಿರಲಿಲ್ಲ, ನಾಲ್ಕು ಗಾಲಿಗಳಿದ್ದವು.

“ಅಳು ಮಗ, ಅಳು. ಅತ್ಕಂಡೇ ಕೇಳು” ಎಂದಳು ಸಂಪತ್ ಕುಮಾರನ ಪಕ್ಕ ಕುಕ್ಕರಗಾಲಲ್ಲಿ ಕೂತು. “ಇವ್ಳೆಸ್ರು ಕರಿಯವ್ವ ಅಂತ. ಇವ್ಳೂರು ಗಾಲಿಹಳ್ಳಿ. ಅಲ್ಲಿ ಯಾರ್ಗೂ ಕಾಲಿಲ್ಲ. ಕಾಲಿರೋ ಜಾಗ್ದಲ್ಲಿ ಗಾಲಿ. ಇವತ್ತು ಇವ್ಳು ಮದ್ದೂರ್ಗೆ ಬತ್ತಿದ್ಲಾ, ಕೆರೆ ಏರಿ ಇಳೀವಾಗ ನಿಲ್ಲಕೆ ಆಯ್ತಿಲ್ಲ. ಯಾರಾದ್ರೂ ತಡೀರಪ್ಪೋ ಅಂತಾವ್ಳೆ. ತಡೀತೀಯಾ?”

ಹುಡುಗ ಬಿಕ್ಕುತ್ತಲೇ ಎರಡು ಕೈ ಅಡ್ಡ ಹಿಡಿದು ಎಮ್ಮೆಯನ್ನು ತಡೆದ.

ಅಂದಿನಿಂದ ಅದು ದಿನದ ಪಾಠವಾಯಿತು. ಹನ್ನೊಂದು ಗಂಟೆಗೆ ಉಪ್ಪಿಟ್ಟು ಇಳಿಸಿ, ಕೈ ಒರೆಸಿಕೊಂಡು ಪುಟ್ಟಮಾದಮ್ಮ ಚೀಲ ಬಿಚ್ಚುವಳು. ಎಮ್ಮೆ ಕರಿಯವ್ವ, ಮೊಲ ಚೋಟಪ್ಪ, ಆನೆ ಬೋರಣ್ಣ. ಅವಳ ಗಂಡ ಕೆಂಪಸಿದ್ದಯ್ಯ ಎತ್ತಿನಗಾಡಿ ಮಾಡುವವರ ಕೈಕೆಳಗೆ ದುಡಿದವನು. ಮಗಳು ಚಿಕ್ಕಮಾದಮ್ಮ ಚಿಕ್ಕವಳಿದ್ದಾಗ ಮಿಕ್ಕ ಮರದ ತುಂಡುಗಳಲ್ಲಿ ಇವನ್ನು ಕೆತ್ತಿದ್ದ. ಉಳಿ ಜಾರಿ ಬೋರಣ್ಣನ ಸೊಂಡಿಲು ಮೋಟಾಗಿತ್ತು. ನೋಡಿದರೆ ಹಂದಿಯೆನ್ನಬೇಕು. ಮಕ್ಕಳಿಗೆ ಅವನೇ ಹೆಚ್ಚು ಇಷ್ಟ.

ನಿನ್ನೆ ಬಿಟ್ಟಲ್ಲಿಂದ ಇವತ್ತು ಕತೆ ಶುರು. ಕೆಸರಿನಲ್ಲಿ ಸಿಕ್ಕಿಕೊಂಡ ಚೋಟಪ್ಪನನ್ನು ಎಳೆಯುವುದು ಹೇಗೆ. ಕೀಲೆಣ್ಣೆ ಮುಗಿದು ಊರೆಲ್ಲ ಕಿರ್ರೆನ್ನುವಾಗ ಕೂಸು ಮಲಗುವುದು ಹೇಗೆ. ಇಳಿಜಾರಿನಲ್ಲಿ ನಿದ್ದೆ ಬಂದರೆ ಬೆಳಿಗ್ಗೆ ಎಲ್ಲಿ ಏಳುತ್ತೇವೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು. ಬೀರುವಿನ ಗಾಜಿನ ಹಿಂದೆ ಚನ್ನಪಟ್ಟಣದ ಗೊಂಬೆಗಳು ಹೊಳೆಯುತ್ತ ನಿಂತಿರುತ್ತಿದ್ದವು.

ಮೊದಲು ಕನಕಲಕ್ಷ್ಮಿಗೆ ಸಮಾಧಾನವೇ ಆಯಿತು, ಗಲಾಟೆ ನಿಂತಿತಲ್ಲ ಎಂದು. ವರ್ಷ ಕಳೆಯುವಷ್ಟರಲ್ಲಿ ಪೇಟೆಯಲ್ಲಿ ಜನ ‘ಆಯಮ್ಮನ ಸ್ಕೂಲು’ ಎನ್ನತೊಡಗಿದರು. ಜಟಕಾದವರಿಗೂ ಹಾಗೆಂದರೇ ಗೊತ್ತಾಗುತ್ತಿತ್ತು. ಒಂದು ದಿನ ಕನಕಲಕ್ಷ್ಮಿ ಬಚ್ಚಲಲ್ಲಿ ನೀರು ತೋಡುತ್ತ ಕರಿಯವ್ವನ ದನಿಯನ್ನು ಅಭ್ಯಾಸ ಮಾಡುತ್ತಿದ್ದುದು ಗಂಡ ಪಾರ್ಥಸಾರಥಿಗೆ ಕೇಳಿಸಿತು. ಅವನು ತಾಲ್ಲೂಕು ಕಚೇರಿಯ ಗುಮಾಸ್ತ, ಮಾತು ಕಡಿಮೆ.

“ನಿನಗೆ ಯಾಕೆ ಕನಕ ಅದು? ನಿನ್ನ ಕೆಲಸ ನಿನಗೆ ಬರುತ್ತಲ್ಲ” ಎಂದ.

ಎರಡು ದಿನ ಅವಳು ಅವನೊಡನೆ ಮಾತಾಡಲಿಲ್ಲ.

*

ಅಂಗಳದಲ್ಲಿ ಹಸಿ ಬಿದಿರು ಸೀಳಿ ಚಟ್ಟ ಕಟ್ಟುತ್ತಿದ್ದರು. ತಮಟೆಯವರು ಸೌದೆ ಉರಿಸಿ ತಮಟೆ ಕಾಯಿಸುತ್ತಿದ್ದರು. ಪುಟ್ಟಮಾದಮ್ಮನ ಭಾವ ತಿಮ್ಮಯ್ಯ ಹಗ್ಗ ಬಿಗಿಯುತ್ತ ಜಗಲಿಯ ಕಡೆಗೆ ತಿರುಗಿ ಕೇಳಿದ.

“ಎಲೆಅಡಿಕೆ ಚೀಲ ಮಡಗುದ್ರಾ? ಅವ್ಳ ಆ ಗಾಲಿ ಎಮ್ಮೆ, ಮೊಲ ಎಲ್ಲವೆ? ಅವ್ನೂ ಕೂಡೆ ಮಡಗ್ಬುಡಿ. ದಿನಾ ಅವ್ನೇ ಇಡ್ಕಂಡು ಓಯ್ತಿದ್ಲು, ಈಗ್ಲೂ ಓಗ್ಲಿ.”

“ಅದು ಸರಿ ಕಣಣ್ಣ” ಎಂದರು ಒಬ್ಬಿಬ್ಬರು.

ಚಿಕ್ಕಮಾದಮ್ಮ ಒಳಗೆ ಹೋಗಿ ಹಳೆಯ ಚೀಲ ತಂದಳು. ಆದರೆ ತಿಮ್ಮಯ್ಯನ ಕೈಗೆ ಕೊಡದೆ ನೇರವಾಗಿ ಕುರ್ಚಿಯ ಹತ್ತಿರ ಬಂದು ನಿಂತಳು.

“ನೀವೇ ಯೋಳಿ ಮೇಡಮ್ಮೋರೇ. ಮನೇಲಿದ್ದಿದ್ಕಿಂತ ಸ್ಕೂಲಲ್ಲೇ ಎಚ್ಚಿಗೆ ಇದ್ದೋ ಇವು. ಅಲ್ಲಿ ಐಕ್ಳಿಗೆ ಬೇಕು ಅಂದ್ರೆ ತಕಂಡೋಗಿ. ಬ್ಯಾಡ ಅಂದ್ರೆ ಅವ್ವನ ಕೂಡೆ ಮಣ್ಣು ಮಾಡ್ತೀವಿ.”

ಅಲ್ಲಿದ್ದವರೆಲ್ಲ ಕನಕಲಕ್ಷ್ಮಿಯ ಬಾಯನ್ನೇ ನೋಡಿದರು. ತಮಟೆ ಕಾಯಿಸುವವನೂ ಕೈ ನಿಲ್ಲಿಸಿದ.

ಮಣ್ಣು ಮಾಡಿ ಎಂದರೆ ಸಾಕಿತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಎಂಥ ದೊಡ್ಡ ಮನಸ್ಸು ಎನ್ನುತ್ತಿದ್ದರು. ನಾಳೆ ಹನ್ನೊಂದು ಗಂಟೆಗೆ ಮಕ್ಕಳು ಅಡುಗೆಕೋಣೆಯ ಬಾಗಿಲನ್ನು ನೋಡುತ್ತವೆ, ನಾಡಿದ್ದೂ ನೋಡುತ್ತವೆ. ಚಿಕ್ಕ ಮಕ್ಕಳು, ಒಂದು ತಿಂಗಳಲ್ಲಿ ಮರೆಯುತ್ತವೆ. ಆಮೇಲೆ ಅದು ತನ್ನ ಶಿಶುವಿಹಾರ. ನಾಲಗೆಯ ತುದಿಯಲ್ಲಿ ಆ ಮಾತು ಇದ್ದುದು ಕನಕಲಕ್ಷ್ಮಿಗೆ ಗೊತ್ತಾಯಿತು. ಚೀಲದೊಳಗೆ ಎರಡೇ ಇದ್ದವು. ಮೂರನೆಯದು ಇರಬೇಕಾದ ಜಾಗ ಜೋತುಬಿದ್ದಿತ್ತು.

“ಚಿಕ್ಕಮಾದು, ಸ್ವಲ್ಪ ಹಿಂದಕ್ಕೆ ಬಾ” ಎಂದು ಎದ್ದಳು.

*

ಎಪ್ಪತ್ತನಾಲ್ಕರ ಬೇಸಿಗೆಯ ಆರಂಭದಲ್ಲಿ ಕನಕಲಕ್ಷ್ಮಿಯ ಮಗ ರಾಮಾನುಜನಿಗೆ ಜ್ವರ ಬಂತು. ನಾಲ್ಕು ವರ್ಷದ ಹುಡುಗ. ಅವನೂ ಶಿಶುವಿಹಾರಕ್ಕೇ ಬರುತ್ತಿದ್ದ. ಐದು ದಿನವಾದರೂ ಜ್ವರ ಇಳಿಯಲಿಲ್ಲ. ಔಷಧಿ ಕುಡಿಸಲು ಹೋದರೆ ಬಾಯಿ ಬಿಗಿಹಿಡಿಯುತ್ತಿದ್ದ.

“ಆಯಮ್ಮ ಬೇಕು” ಎಂದ ಆರನೆಯ ದಿನ.

“ನಾನಿಲ್ಲವೇನೋ ಕಂದ, ನಾನು ಹೇಳುತ್ತೇನೆ ಕತೆ. ಒಂದು ಊರಲ್ಲಿ ಕರಿಯವ್ವ ಅಂತ...”

“ನಿಂಗೆ ಬರಲ್ಲ. ಆಯಮ್ಮ ಬೇಕು.”

ಪಾರ್ಥಸಾರಥಿ ಯಾರನ್ನೂ ಕೇಳದೆ ಸೈಕಲ್ ತೆಗೆದುಕೊಂಡು ಹೋಗಿ, ಒಂದು ಗಂಟೆಯಲ್ಲಿ ಪುಟ್ಟಮಾದಮ್ಮನನ್ನು ಕರೆದುಕೊಂಡು ಬಂದ. ಬಾಗಿಲಲ್ಲಿ ಅವನ ತಾಯಿ ತಿರುಮಲಮ್ಮ ಅಡ್ಡ ನಿಂತರು.

“ಹೊಸ್ತಿಲು ದಾಟಿಸಬೇಡ ಪಾರ್ಥ. ಮನೆಯಲ್ಲಿ ದೇವರ ಪೆಟ್ಟಿಗೆ ಇದೆ.”

ಪಾರ್ಥಸಾರಥಿ ತಲೆ ತಗ್ಗಿಸಿದ. ಕನಕಲಕ್ಷ್ಮಿ ಅತ್ತೆಗೆ ಎದುರಾಡಬಹುದಿತ್ತು. ಆಡಲಿಲ್ಲ. ಆ ಗಳಿಗೆಯಲ್ಲಿ ಅತ್ತೆಯ ಮಡಿ ಅವಳಿಗೆ ಹಿತವಾಗಿತ್ತು.

ಪುಟ್ಟಮಾದಮ್ಮ ಮನೆಯನ್ನು ಬಳಸಿಕೊಂಡು ಹಿಂದಕ್ಕೆ ಹೋದಳು. ಹುಡುಗ ಮಲಗಿದ್ದ ಕೋಣೆಯ ಕಿಟಕಿ ಹುಡುಕಿ, ಒಂದು ಕಲ್ಲು ಉರುಳಿಸಿ ಅದರ ಮೇಲೆ ನಿಂತಳು. ಕಂಬಿಯ ನಡುವೆ ಕೈ ತೂರಿಸಿ ಬೋರಣ್ಣನನ್ನು ಕಿಟಕಿಯ ಕಟ್ಟೆಯ ಮೇಲೆ ಉರುಳಿಸಿದಳು.

“ರಾಮಣ್ಣೋ, ಬೋರಣ್ಣ ಬಂದವ್ನೆ ನೋಡಪ್ಪ. ಅವ್ನ್ಗೂ ಜರ. ಗಾಲಿ ಎಲ್ಲ ಬಿಸಿ. ಔಸ್ದಿ ಕುಡಿ ಅಂದ್ರೆ, ಮೊದ್ಲು ರಾಮಣ್ಣ ಕುಡೀಲಿ, ಕಹಿನೋ ಸಿಹಿನೋ ಯೋಳ್ಲಿ, ಆಮೇಕೆ ಕುಡೀತೀನಿ ಅಂತಾವ್ನೆ.”

ಹುಡುಗ ಬಾಯಿ ತೆರೆದ. ಚಮಚ ಹಿಡಿದದ್ದು ಕನಕಲಕ್ಷ್ಮಿಯ ಕೈ. ಹುಡುಗನ ಕಣ್ಣು ಮಾತ್ರ ಕಿಟಕಿಯಲ್ಲಿತ್ತು. ಔಷಧಿ ನುಂಗಿ, “ಕಹಿ. ಆದ್ರೂ ಕುಡಿ” ಎಂದು ಆನೆಗೆ ಹೇಳಿ ನಕ್ಕ. ಆರು ದಿನದ ಮೇಲೆ ನಕ್ಕಿದ್ದ. ಕನಕಲಕ್ಷ್ಮಿಗೆ ಸಂತೋಷವಾಗಬೇಕಿತ್ತು. ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು.

ಮೂರು ಸಂಜೆ ಪುಟ್ಟಮಾದಮ್ಮ ಹಾಗೆ ಕಲ್ಲಿನ ಮೇಲೆ ನಿಂತು ಕತೆ ಹೇಳಿದಳು. ಜ್ವರ ಇಳಿಯಿತು.

ಹದಿನೈದು ದಿನದ ಮೇಲೆ ಚಿಕ್ಕಮಾದಮ್ಮನಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಪುಟ್ಟಮಾದಮ್ಮ ಹತ್ತು ದಿನ ರಜೆ ಕೇಳಿದಳು. ಚೀಲವನ್ನು ಶಿಶುವಿಹಾರದಲ್ಲೇ ಬಿಟ್ಟುಹೋದಳು. “ಐಕ್ಳು ಕೇಳ್ತವೆ, ನೀವೇ ಒಸಿ ಯೋಳಿ ಮೇಡಮ್ಮೋರೇ” ಎಂದು ಅವಳೇ ಹೇಳಿದ್ದಳು.

ಕನಕಲಕ್ಷ್ಮಿ ಹೇಳಿದಳು. ಮೊದಲ ದಿನ ಮಕ್ಕಳು ಸುಮ್ಮನೆ ಕೇಳಿದವು. ಎರಡನೆಯ ದಿನ ಒಂದು ಹುಡುಗಿ, “ಚೋಟಪ್ಪ ಹಂಗೆ ಮಾತಾಡಲ್ಲ ಮಿಸ್” ಎಂದಳು. ಮೂರನೆಯ ದಿನ ನಾಲ್ಕೈದು ಮಕ್ಕಳು ಎದ್ದು ಹೋಗಿ ಬಾಗಿಲ ಹತ್ತಿರ ಕೂತವು. ನಾಲ್ಕನೆಯ ದಿನ ರಾಮಾನುಜನೇ ಎಲ್ಲರ ಎದುರಿಗೆ, “ಅಮ್ಮಾ, ನೀನು ಬಿಡು. ಆಯಮ್ಮ ಬಂದ ಮೇಲೆ ಹೇಳ್ತಾಳೆ” ಎಂದ.

ಅವಳು ಆನೆಯನ್ನು ಕೈಗೆತ್ತಿಕೊಂಡಳು. “ಇವತ್ತು ಬೋರಣ್ಣ ಶಿಂಷಾ ಹೊಳೆಯ ಸೇತುವೆಯ ಮೇಲೆ ಹೋಗುತ್ತಿದ್ದ” ಎಂದಳು. “ಗಾಲಿ ಜಾರಿತು. ಹೊಳೆಗೆ ಬಿದ್ದ. ಮುಳುಗಿದ. ಇನ್ನು ಬೋರಣ್ಣ ಇಲ್ಲ. ಕತೆ ಮುಗಿಯಿತು. ಎಲ್ಲರೂ ಮನೆಗೆ ಹೋಗಿ.”

ಒಂದು ಮಗುವೂ ಅಳಲಿಲ್ಲ.

ಮಕ್ಕಳು ಹೋದ ಮೇಲೆ ಅವಳು ಅಡುಗೆಕೋಣೆಗೆ ಹೋದಳು. ಬೆಳಿಗ್ಗೆ ತಾನೇ ಉಪ್ಪಿಟ್ಟು ಮಾಡಿದ ಒಲೆಯಲ್ಲಿ ಇನ್ನೂ ಕೆಂಡವಿತ್ತು. ಆನೆಯನ್ನು ಅದರೊಳಗೆ ತಳ್ಳಿ ಎರಡು ಸೌದೆ ಮೇಲಿಟ್ಟಳು. ಒಣಗಿದ ಮರ, ಬೇಗ ಹತ್ತಿತು. ಗಾಲಿಗಳು ಗಟ್ಟಿ ಮರದವು, ಬಹಳ ಹೊತ್ತು ಉರಿದವು. ಅಷ್ಟೂ ಹೊತ್ತು ಅವಳು ನಿಂತು ನೋಡಿದಳು.

ಪುಟ್ಟಮಾದಮ್ಮ ಮರಳಿ ಬಂದ ದಿನ ಮಕ್ಕಳು ಗೇಟಿನಲ್ಲೇ ಸುತ್ತಿಕೊಂಡವು. ಬೋರಣ್ಣ ಹೊಳೆಗೆ ಬಿದ್ದ ಆಯಮ್ಮ, ಎತ್ತು ಆಯಮ್ಮ. ಅವಳು ಚೀಲ ನೋಡಿದಳು. ಅಡುಗೆಕೋಣೆಗೆ ಹೋಗಿ, ಹತ್ತು ದಿನ ಯಾರೂ ಮುಟ್ಟದಿದ್ದ ಒಲೆಯ ಬೂದಿ ಎತ್ತಿದಳು. ಎಂದಿಗಿಂತ ಹೆಚ್ಚು ಹೊತ್ತು ಅಲ್ಲೇ ಇದ್ದಳು. ಹೊರಗೆ ಬಂದಾಗ ಕನಕಲಕ್ಷ್ಮಿ ಹಾಜರಿ ಪುಸ್ತಕದ ಮೇಲೆ ಬಗ್ಗಿದ್ದಳು. ತಲೆ ಎತ್ತಲಿಲ್ಲ.

“ಮೇಡಮ್ಮೋರು ಯೋಳುದ್ ಮ್ಯಾಲೆ ಮುಗೀತು ಮಕ್ಕಳೇ” ಎಂದಳು ಪುಟ್ಟಮಾದಮ್ಮ. “ಓದೋರು ಓದ್ರು, ಇನ್ನು ಬರಾಕಿಲ್ಲ. ಬನ್ನಿ, ಮಣ್ಣು ಮಾಡವ.”

ಮಕ್ಕಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಗುಣಿ ತೋಡಿಸಿದಳು. ಒಳಗೆ ಏನೂ ಇಡಲಿಲ್ಲ. ಹೊಳೆ ತೆಗೆದುಕೊಂಡು ಹೋಯಿತಲ್ಲ, ಏನಿಡುವುದು. ಒಂದೊಂದು ಮಗುವೂ ಒಂದೊಂದು ಹಿಡಿ ಮಣ್ಣು ಹಾಕಿತು. ಮಾರನೆಯ ದಿನ ಕರಿಯವ್ವ ಮತ್ತು ಚೋಟಪ್ಪ ಇಬ್ಬರದೇ ಕತೆ ಮುಂದುವರಿಯಿತು. ಆನೆಯ ಮಾತನ್ನು ಅವಳು ಕನಕಲಕ್ಷ್ಮಿಯೊಡನೆ ಅಂದೂ ಎತ್ತಲಿಲ್ಲ, ಆಮೇಲಿನ ನಾಲ್ಕು ವರ್ಷದಲ್ಲೂ ಎತ್ತಲಿಲ್ಲ. ಹೊತ್ತಿಗೆ ಸರಿಯಾಗಿ ಬಂದಳು, ಉಪ್ಪಿಟ್ಟು ಮಾಡಿದಳು, ಮೊದಲ ತಟ್ಟೆಯನ್ನು ಎಂದಿನಂತೆ ಕನಕಲಕ್ಷ್ಮಿಯ ಮೇಜಿನ ಮೇಲೆ ತಂದಿಟ್ಟಳು.

ಅಷ್ಟೇ ಅಲ್ಲ. ಆ ದಿನದಿಂದ ಅವಳ ನಡಿಗೆಯಲ್ಲಿ ಏನೋ ಒಂದು ಗತ್ತು ಬಂದಿತ್ತು. ಅದು ಏನೆಂದು ಕನಕಲಕ್ಷ್ಮಿಗೆ ಅರ್ಥವಾಗಿರಲಿಲ್ಲ. ಅದರ ಮೇಲೂ ಅವಳಿಗೆ ಅಸೂಯೆಯಾಗಿತ್ತು.

*

ಮನೆಯ ಹಿಂದೆ ಹುಲ್ಲಿನ ಮೆದೆಯ ಮರೆಯಲ್ಲಿ ನಿಂತು ಕನಕಲಕ್ಷ್ಮಿ ಹೇಳಿದಳು. ಬಳಸು ಮಾತಿಲ್ಲದೆ ಹೇಳಿದಳು.

“ಆನೆ ಕಳೆದುಹೋಗಲಿಲ್ಲ ಚಿಕ್ಕಮಾದು. ನಾನೇ ಅದನ್ನು ಒಲೆಗೆ ಹಾಕಿ ಸುಟ್ಟೆ.”

ಚಿಕ್ಕಮಾದಮ್ಮ ಮೆದೆಯಿಂದ ಒಂದು ಹುಲ್ಲು ಕಿತ್ತು ಬೆರಳಿಗೆ ಸುತ್ತಿದಳು.

“ಗೊತ್ತು ಕಣಿ. ಬೂದಿ ಎತ್ತುವಾಗ ಗಾಲಿಗೆ ಒಡ್ದಿದ್ದ ಕಬ್ಣದ ಮೊಳೆ ಸಿಕ್ದೊ. ಸೆರಗಲ್ಲಿ ಕಟ್ಕಬಂದು ತೋರುಸ್ತು ಅವ್ವ.”

“ಏನೆಂದಳು?”

“ಮೊದ್ಲು ಅತ್ಲು. ಅಪ್ಪ ಮಾಡಿದ್ದಲ್ವಾ, ಅಪ್ಪ ಓಗಿ ಐದು ವರ್ಸ ಆಗಿತ್ತು. ಅತ್ತು ಅತ್ತು, ಇದ್ದಕ್ಕಿದ್ದಂಗೆ ನಗಾಡಕೆ ಸುರು ಮಾಡುದ್ಲು. ಬಾಣಂತಿ ನಾನು, ಅವ್ವಂಗೇನೋ ಆಯ್ತು ಅಂತ ಎದ್ರುಕಂಡೆ. ‘ಲೇ ಚಿಕ್ಕಿ, ಆ ವಮ್ಮಂಗೆ ನನ್ ಮ್ಯಾಲೆ ಒಟ್ಟೆಕಿಚ್ಚು ಕಣೇ’ ಅಂದ್ಲು. ‘ಐನೋರ ಮನೆಯೋರು, ಮೈಸೂರಲ್ಲಿ ಓದ್ದೋರು, ಅವ್ರ್ಗೆ ನನ್ ಮ್ಯಾಲೆ ಒಟ್ಟೆಕಿಚ್ಚು. ಉಟ್ದಾಗ್ನಿಂದ ನನ್ನ ನೋಡಿ ಯಾರೂ ಒಟ್ಟೆ ಉರ್ಕಂಡಿರ್ನಿಲ್ಲ. ಉರ್ಕಳಕೆ ನಂತವ ಏನಿತ್ತು ಯೋಳು’ ಅಂದ್ಲು.”

ಕನಕಲಕ್ಷ್ಮಿ ಮೆದೆಯನ್ನು ಹಿಡಿದುಕೊಂಡಳು.

“ಮಾರ್ನೆ ದಿನ್ವೇ ಕೇರಿ ಮೇಲೆಲ್ಲ ಯೋಳ್ಕಂಡು ಬಂದ್ಲು. ರಾಗಿ ಬೀಸಕೆ ಓದ್ರೂ ಅದೇ ಮಾತು, ನೀರ್ಗೆ ಓದ್ರೂ ಅದೇ ಮಾತು. ಯಾರಾದ್ರೂ ಒಸಿ ಅಸಡ್ಡೆ ಮಾಡುದ್ರೆ, ‘ನನ್ ಮ್ಯಾಲೆ ಎಂತೋರು ಒಟ್ಟೆಕಿಚ್ಚು ಪಡ್ತಾರೆ ಗೊತ್ತೇನಮ್ಮಿ’ ಅನ್ನೋಳು. ಅದ್ಕೇಯ ಇವ್ರೆಲ್ಲ ಇವತ್ತು ನಿಮ್ಮನ್ನ ಅಂಗೆ ನೋಡ್ತಿರೋದು.”

ಮುಂದಿನ ಅಂಗಳದಲ್ಲಿ ತಮಟೆಯ ಮೊದಲ ಪೆಟ್ಟು ಬಿತ್ತು.

“ನೀನೂ ನನ್ನನ್ನು...” ಎಂದು ಕನಕಲಕ್ಷ್ಮಿ ಶುರುಮಾಡಿದಳು.

“ಅವ್ವ ನಗಾಡುದ್ಲು ಮೇಡಮ್ಮೋರೇ” ಎಂದಳು ಚಿಕ್ಕಮಾದಮ್ಮ. “ನಾನು ನಗಾಡ್ನಿಲ್ಲ. ಅದ್ನ ನಮ್ಮಪ್ಪ ನಂಗೆ ಅಂತ ಕೆತ್ತಿದ್ದು.”

ಕನಕಲಕ್ಷ್ಮಿ ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು. ಚಿಕ್ಕಮಾದಮ್ಮ ಅದಕ್ಕೆ ಕಾಯುತ್ತಿರಲಿಲ್ಲ. ಚೀಲವನ್ನು ಎತ್ತಿ ಹಿಡಿದಳು.

“ಒತ್ತಾಯ್ತು. ಇವ್ನ ಏನ್ ಮಾಡವ ಯೋಳ್ಬುಡಿ.”

“ಮಣ್ಣಿಗೆ ಹಾಕಬೇಡ” ಎಂದಳು ಕನಕಲಕ್ಷ್ಮಿ. “ನನ್ನ ಕೈಗೂ ಕೊಡಬೇಡ. ಕೊಟ್ಟರೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ, ನನಗೆ ಗೊತ್ತು. ನಿನ್ನ ಮಗಳಿಗೆ ಕೊಡು.”

ಚಿಕ್ಕಮಾದಮ್ಮ ಅವಳ ಮುಖವನ್ನು ಒಮ್ಮೆ ನೇರವಾಗಿ ನೋಡಿದಳು. ಮತ್ತೆ, “ಮಲ್ಲೀ, ಬಾ ಇಲ್ಲಿ” ಎಂದು ಕೂಗಿದಳು. ಕೋಳಿಗೂಡಿನ ಹತ್ತಿರ ಯಾರದೋ ಕೂಸನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತಿದ್ದ ನಾಲ್ಕು ವರ್ಷದ ಹುಡುಗಿ ಕೂಸನ್ನು ಕೆಳಗೆ ಕೂರಿಸಿ ಓಡಿಬಂದು ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಳು.

ಹೆಣ ಎತ್ತಿದರು. ಪುರಿ ಎರಚುತ್ತ ಮುಂದೆ ಒಬ್ಬ, ತಮಟೆಯವರು, ಹಿಂದೆ ಊರು. ಪಂಕಜಮ್ಮ ಮತ್ತು ಪೇಟೆಯ ಹೆಂಗಸರು ಮನೆಯ ಹತ್ತಿರವೇ ನಿಂತರು. ಕನಕಲಕ್ಷ್ಮಿ ಅವರ ಜೊತೆ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ಗದ್ದೆಯ ಬದುವಿನ ಮೇಲೆ ಊರವರ ಹಿಂದೆ ನಡೆದಳು. ಕೆಂಪಸಿದ್ದಯ್ಯನನ್ನು ಹೂಳಿದ್ದ ಗುಡ್ಡೆಯ ಪಕ್ಕದಲ್ಲೇ ಗುಣಿ ತೆಗೆದಿದ್ದರು. ಕಂಬದ ಹತ್ತಿರ ಕೂತಿದ್ದ ಆ ಮುದುಕಿ ಜನರನ್ನು ಸರಿಸಿಕೊಂಡು ಬಂದು ಅವಳ ಮೊಣಕೈ ಹಿಡಿದಳು.

“ನಾನು ಪುಟ್ಟಮಾದಿ ಜೊತೆ ನಾಟಿಗೆ ಓಯ್ತಿದ್ದೋಳು. ನಿಮ್ಮನ್ನ ಒಂದ್ಸಲ ನೋಡ್ಬೇಕು ಅಂತಿತ್ತು” ಎಂದಳು. “ಎಲ್ಲಾ ಸುಳ್ಳು ಅಂದಿದ್ದೆ ಕಣವ್ವ ನಾನು. ಇವ್ಳ ಮ್ಯಾಲೆ ಯಾರು ಒಟ್ಟೆಕಿಚ್ಚು ಪಡ್ತಾರೆ ಅಂತ ಆಡ್ಕತಿದ್ದೆ. ದಿಟವೇನವ್ವ?”

“ದಿಟ” ಎಂದಳು ಕನಕಲಕ್ಷ್ಮಿ. “ಈಗಲೂ ಪಡುತ್ತೇನೆ.”

ಮುದುಕಿ ಗುಣಿಯ ಕಡೆಗೆ ತಿರುಗಿ, ಒಳಗಿದ್ದವಳಿಗೆ ಕೇಳಿಸುವ ಹಾಗೆ ಹೇಳಿದಳು. “ಕೇಳುಸ್ತೇನಮ್ಮಿ? ದಿಟವಂತೆ.” ಮತ್ತೆ ಅವಳೇ ಕನಕಲಕ್ಷ್ಮಿಯ ಕೈಗೆ ಮಣ್ಣು ಕೊಟ್ಟಳು. ಕನಕಲಕ್ಷ್ಮಿ ಮೂರು ಹಿಡಿ ಹಾಕಿದಳು.

ಎಲ್ಲ ಮುಗಿದು ಜನ ಕಾಲುವೆಯಲ್ಲಿ ಕಾಲು ತೊಳೆದುಕೊಂಡು, ಮನೆಗೆ ಬಂದು, ಹೆಣ ಕೂರಿಸಿದ್ದ ಜಾಗದಲ್ಲಿ ಹಚ್ಚಿದ್ದ ದೀಪ ನೋಡಿ, ಯಾರಿಗೂ ಹೇಳದೆ ಒಬ್ಬೊಬ್ಬರಾಗಿ ಹೊರಟರು. ಕನಕಲಕ್ಷ್ಮಿಯೂ ದೀಪ ನೋಡಿ ಹೊರಬಿದ್ದಳು. ಪಂಕಜಮ್ಮ ಗೊತ್ತುಮಾಡಿದ ಜಟಕಾ ಊರಬಾಗಿಲಲ್ಲಿ ನಿಂತಿತ್ತು. ಒಳಗಿಂದ, “ಬೇಗ ಬಾ ಕನಕ, ಹೋಗಿ ಸ್ನಾನ ಮಾಡಬೇಕು” ಎಂದು ಕರೆದರು.

ದಾರಿಯಲ್ಲಿ ಹೊಂಗೆಮರದ ಕೆಳಗೆ ಊರಿನ ಮಕ್ಕಳು ಗುಂಪು ಕೂಡಿದ್ದವು. ನಡುವೆ ಮಲ್ಲಿ. ಎಮ್ಮೆಯನ್ನು ಬೇರಿನ ಮೇಲೆ ಹತ್ತಿಸುತ್ತಿದ್ದಳು.

“ಕರಿಯವ್ವ ಮಳವಳ್ಳಿ ಸಂತೆಗೆ ಓಯ್ತಾವ್ಳೆ. ಇನ್ನೂ ಬೆಳ್ಕರ್ದಿಲ್ಲ. ದಾರೀಲಿ ಒಬ್ಬ ಬಳೆಗಾರ ಸಿಕ್ದ. ಎಮ್ಮವ್ವ ಎಮ್ಮವ್ವ, ಬಳೆ ತೊಡುಸ್ತೀನಿ ಕಾಲು ಕೊಡು ಅಂದ. ಕಾಲೆಲ್ಲದೆ ಇವ್ಳಿಗೆ?”

ಕನಕಲಕ್ಷ್ಮಿ ನಿಂತಳು. ಏಳು ವರ್ಷ ಕಿವಿಗೊಟ್ಟು ಕೇಳಿದ್ದಳು, ಒಂದು ಕತೆಯನ್ನೂ ಬಿಟ್ಟಿರಲಿಲ್ಲ. ಬಳೆಗಾರನ ಕತೆ ಎಂದೂ ಶಿಶುವಿಹಾರಕ್ಕೆ ಬಂದಿರಲಿಲ್ಲ. ಮನೆಯಲ್ಲಿ, ಈ ಹುಡುಗಿಗೆ ಮಾತ್ರ ಹೇಳಿದ್ದಿರಬೇಕು. ಅಥವಾ ಹುಡುಗಿ ಈಗ ತಾನೇ ಕಟ್ಟುತ್ತಿದ್ದಳು. ಎರಡರಲ್ಲಿ ಯಾವುದೆಂದರೂ ಹೊಟ್ಟೆಯೊಳಗಿನ ಹಳೆಯ ಉರಿ ಎದ್ದು ಕೂತಿತು.

“ಆಮೇಲೆ?” ಎಂದಳು.

ಮಲ್ಲಿ ತಲೆಯೆತ್ತಿ ನೋಡಿದಳು. “ನಿಂತ್ಕಂಡೋರ್ಗೆ ಯೋಳಾಕಿಲ್ಲ.”

ಜಟಕಾದಿಂದ ಪಂಕಜಮ್ಮ ಮತ್ತೊಮ್ಮೆ ಕೂಗಿದರು. ಕನಕಲಕ್ಷ್ಮಿ ಕೈಯಾಡಿಸಿ, ನೀವು ಹೋಗಿ ಎಂದು ಸನ್ನೆ ಮಾಡಿದಳು. ಇಸ್ತ್ರಿ ಮಾಡಿದ ಸೀರೆಯ ನಿರಿಗೆಯನ್ನು ಮೊಣಕಾಲಿನವರೆಗೆ ಎತ್ತಿ, ಮಕ್ಕಳ ಸಾಲಿನ ಕೊನೆಯಲ್ಲಿ ಮಣ್ಣಿನ ಮೇಲೆ ಕೂತಳು. ಪಕ್ಕದಲ್ಲಿದ್ದ ಸಿಂಬಳದ ಹುಡುಗಿ ಒಂದು ಗೇಣು ಸರಿದು ಜಾಗ ಬಿಟ್ಟಳು. ಮಲ್ಲಿ ಎಲ್ಲರೂ ಸುಮ್ಮನಾದರೇ ಎಂದು ಒಂದು ಸಲ ಕಣ್ಣಾಡಿಸಿದಳು. ಗುಣಿಯ ಕೆಮ್ಮಣ್ಣು ಇನ್ನೂ ಉಗುರಿನಲ್ಲಿದ್ದ ಎರಡೂ ಕೈಗಳನ್ನು ಕನಕಲಕ್ಷ್ಮಿ ಎದೆಯ ಮೇಲೆ ಕಟ್ಟಿಕೊಂಡಳು.